ಉಗಿಬಂಡಿಯ ಬಿಷಪ್ ಎರಿಕ್ ಟ್ರೀಸಿ



ನಿಮ್ಮಲ್ಲಿ ಹಿರಿಯರಾದವರು ಯಾದಗಿರಿ ಸ್ಟೇಷನ್ನಿನಲ್ಲಿ ಮದರಾಸು ಮೇಲಿಗೋ ಮುಂಬಯಿ ಗಾಡಿಗೋ ಕಾಯ್ದು ನಿಂತದ್ದನ್ನು ಮರೆತಿರಲಾರಿರಿ. ಶಹಾಪುರದವರೂ ಸುರಪುರದವರೂ ಮೊದಲು ಬಸ್ಸು ಹಿಡಿದು ಯಾದಗಿರಿಗೆ ಬರಬೇಕು, ಆಮೇಲೆ ಗಾಡಿ. ಟ್ರಂಕು, ಹಾಸಿಗೆಯ ಸುರುಳಿ, ರೊಟ್ಟಿಯ ಗಂಟು ಇವುಗಳ ನಡುವೆ ಕುಳಿತ ಮಕ್ಕಳ ಕಣ್ಣೆಲ್ಲ ಹಳಿಯ ತುದಿಯ ಮೇಲೆ. ಮೊದಲು ದೂರದಲ್ಲಿ ಒಂದು ಕರಿಯ ಹೊಗೆ, ಆಮೇಲೆ ಕೂಗು, ಕೊನೆಗೆ ನೆಲ ನಡುಗಿಸುತ್ತ ಕಲ್ಲಿದ್ದಲಿನ ಎಂಜಿನ್. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಲಿನ ಕಣ ಬೀಳುತ್ತದೆಂದು ತಾಯಂದಿರು ಗದರುತ್ತಿದ್ದರು. ಗದರಿದರೂ ಮಕ್ಕಳು ತಲೆ ಹಾಕುತ್ತಿದ್ದರು, ಕಣ ಬೀಳುತ್ತಿತ್ತು. ಬಿಳಿ ಅಂಗಿ ಹಾಕಿಕೊಂಡು ಹೊರಟವರು ಊರು ಮುಟ್ಟುವಷ್ಟರಲ್ಲಿ ಅಂಗಿಯ ಬಣ್ಣವೇ ಬೇರೆ.

ಈಗ ಅದೇ ಹಳಿಯ ಮೇಲೆ ವಿದ್ಯುತ್ ಗಾಡಿ ಓಡುತ್ತದೆ. ಹೊಗೆಯೂ ಇಲ್ಲ, ಕಣವೂ ಇಲ್ಲ. ಆದರೂ ಅಜ್ಜಂದಿರು ಕೂತು ಹಳೆಯ ಮಾತು ತೆಗೆದರೆ ಆ ಕಪ್ಪು ಎಂಜಿನ್ನೇ ಮೊದಲು ಬರುತ್ತದೆ. ಇಂಥ ನೆನಪು ನಮಗೆ ಮಾತ್ರ ಇರುವುದಲ್ಲ. ಉಗಿಬಂಡಿಯನ್ನು ಲೋಕಕ್ಕೆ ಕೊಟ್ಟ ಇಂಗ್ಲೆಂಡಿನಲ್ಲಿ ಅದು ಇನ್ನೂ ಗಾಢವಾಗಿದೆ. ಅಲ್ಲಿ ಉಗಿಬಂಡಿಯ ಕೊನೆಯ ದಶಕಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟವರಲ್ಲಿ ಒಬ್ಬರು ಬಿಷಪ್ಪರು ಎಂದರೆ ನೀವು ನಂಬುವಿರಾ? ಅವರ ಹೆಸರು ಎರಿಕ್ ಟ್ರೀಸಿ. ಅವರು ನಮ್ಮ ಕಥೋಲಿಕ ಸಭೆಯವರಲ್ಲ, ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರು. ವಿವಾಹಿತರು. ಜನ ಅವರನ್ನು ಕರೆಯುತ್ತಿದ್ದದ್ದು ರೈಲು ಬಿಷಪ್ ಎಂದು. ಅವರ ಬದುಕನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇವೆ.

ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಯಾದಗಿರಿ ಎನ್ನಬೇಡಿ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೀವು ನೋಡಿರುವಿರಿ. ಅಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು 1808ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ. ಎರಿಕ್ ಟ್ರೀಸಿಯವರು ಗುರುಗಳಾಗಿ ಕಾಲಿಟ್ಟದ್ದೂ, ಉಗಿಬಂಡಿಗೆ ಮನಸೋತದ್ದೂ ಅದೇ ಲಿವರ್‌ಪೂಲಿನಲ್ಲಿ. ಟೇಲರ್ ಸಾಹೇಬರು ಸುರಪುರ ಬಿಟ್ಟ 1853ರಲ್ಲೇ, ಏಪ್ರಿಲ್ 16ರಂದು, ಮುಂಬಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. ಆ ಗಾಡಿಯ ಕಂಪನಿಯಾದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಮೊದಲ ಎಂಜಿನ್ನುಗಳನ್ನು ಮಾಡಿಕೊಟ್ಟದ್ದು ವಲ್ಕನ್ ಫೌಂಡ್ರಿ ಎಂಬ ಕಾರ್ಖಾನೆ. ಅದು ಇದ್ದದ್ದು ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವಿನ ಒಂದು ಊರಿನಲ್ಲಿ. ಅದೇ ಕಂಪನಿ ಭೋರ್ ಘಾಟ್ ಹತ್ತಿ, ಪುಣೆ, ಸೊಲ್ಲಾಪುರ, ಕಲಬುರ್ಗಿ, ವಾಡಿ, ಯಾದಗಿರಿ ದಾಟಿ, ಕೃಷ್ಣಾ ನದಿಗೆ ಸೇತುವೆ ಕಟ್ಟಿ, 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿಕೊಂಡಿತು. ನಮ್ಮ ಸ್ಟೇಷನ್ನಿಗೆ ಹಳಿ ಬಂದ ಕತೆಯ ಬೇರು ಟ್ರೀಸಿಯವರು ಓಡಾಡಿದ ಊರುಗಳಲ್ಲೇ ಇದೆ.

ಟ್ರೀಸಿಯವರು 1907ರ ಜೂನ್ 2ರಂದು ಲಂಡನ್ನಿನಲ್ಲಿ ಜನಿಸಿದರು. ಶಾಲೆ, ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜು. 1932ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ ಗುರುದೀಕ್ಷೆ ಪಡೆದು ಲಿವರ್‌ಪೂಲ್ ಧರ್ಮಕೇಂದ್ರದ ಸಹಾಯಕ ಗುರುಗಳಾದರು. ಆ ವರ್ಷಗಳು ಬಹಳ ಕಷ್ಟದ ವರ್ಷಗಳು. ಬಂದರಿನಲ್ಲಿ ಕೆಲಸವಿಲ್ಲದೆ ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದ ಕಾಲ. 1936ರಲ್ಲಿ ಅದೇ ನಗರದ ಎಡ್ಜ್ ಹಿಲ್ ಎಂಬ ಭಾಗದ ಧರ್ಮಕೇಂದ್ರ ಅವರ ಪಾಲಿಗೆ ಬಂತು.

ಎಡ್ಜ್ ಹಿಲ್ ಎಂದರೆ ಏನೆಂದು ಸ್ವಲ್ಪ ಹೇಳಬೇಕು. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಲೋಕಪ್ರಸಿದ್ಧವಾದ ಉಗಿಬಂಡಿ ಮಾರ್ಗ ತೆರೆಯಿತು. ಆ ಮಾರ್ಗಕ್ಕೆ ಸೇರಿದ ಜಾಗ ಅದು. ಊರ ನಡುವಿನ ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಎಡ್ಜ್ ಹಿಲ್‌ಗೆ ಬಂಡೆ ಕೊರೆದ ಆಳವಾದ ಕಂದಕದಲ್ಲಿ ಏರು ಹತ್ತಬೇಕು. ಸುಮಾರು ತೊಂಬತ್ತಮೂರು ಅಡಿ ಮುಂದೆ ಹೋದರೆ ಒಂದಡಿ ಏರುವ ಹಳಿ. ನಮಗೆ ಅದು ಅಲ್ಪವೆನಿಸಬಹುದು, ರೈಲಿಗೆ ಅದು ಬೆಟ್ಟವೇ ಸರಿ. ಮೊದಮೊದಲು ಎಂಜಿನ್ನುಗಳಿಗೆ ಈ ಏರು ಆಗದೆಂದು 1870ರವರೆಗೆ ಗಾಡಿಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದರು. ಏರಿನ ತಲೆಯಲ್ಲಿ ದೊಡ್ಡ ಲೋಕೋ ಷೆಡ್ಡು, ಸರಕು ಗಾಡಿಗಳನ್ನು ಬೇರ್ಪಡಿಸುವ ವಿಶಾಲವಾದ ಯಾರ್ಡು. ಸುತ್ತಲಿನ ಮನೆಗಳಲ್ಲಿ ಡ್ರೈವರರು, ಫೈರ್‌ಮನ್ನರು, ಎಂಜಿನ್ ತೊಳೆಯುವವರು, ಗಾರ್ಡುಗಳು.

ಪಾಳಿಯ ಕೆಲಸ ಮಾಡುವವರ ಮನೆಯ ಪಾಡು ನಿಮಗೆ ಗೊತ್ತು. ವಾಡಿಯಲ್ಲೋ ರಾಯಚೂರಿನಲ್ಲೋ ರೈಲ್ವೆ ಕೆಲಸದಲ್ಲಿದ್ದ ಸಂಬಂಧಿಕರನ್ನು ಕೇಳಿ. ಭಾನುವಾರ ಬಲಿಪೂಜೆಯ ಹೊತ್ತಿಗೆ ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ, ಇಲ್ಲವೇ ಇನ್ನೂರು ಮೈಲಿ ದೂರದಲ್ಲಿರುತ್ತಾನೆ. ಹಬ್ಬದ ದಿನ ಗಾಡಿ ನಿಲ್ಲುವುದಿಲ್ಲ. ಇಂಥವರು ದೇವಾಲಯಕ್ಕೆ ಬರಲೆಂದು ಕಾಯ್ದು ಕುಳಿತರೆ ಗುರುಗಳಿಗೆ ಅವರ ಮುಖವೇ ಕಾಣುವುದಿಲ್ಲ. ಟ್ರೀಸಿಯವರು ಷೆಡ್ಡಿಗೆ ಹೋದರು. ಕುತ್ತಿಗೆಗೆ ಪಾದ್ರಿಯ ಬಿಳಿ ಪಟ್ಟಿ, ಕೈಯಲ್ಲಿ ಕ್ಯಾಮೆರಾ. ಡ್ರೈವರರ ಪರಿಚಯವಾಯಿತು. ಎಂಜಿನ್ನಿನ ಮೇಲೆ ಹತ್ತಿದರು, ಜೊತೆಯಲ್ಲಿ ಪ್ರಯಾಣ ಮಾಡಿದರು. ಎಂಜಿನ್ ಓಡಿಸುವವರಲ್ಲಿ ಅವರಿಗಾದಷ್ಟು ಗೆಳೆಯರು ಆ ಕಾಲದ ಇನ್ನಾವ ಗುರುಗಳಿಗೂ ಇದ್ದಿರಲಾರರು. ಹವ್ಯಾಸ ಎಲ್ಲಿ ಮುಗಿಯಿತು, ಸೇವೆ ಎಲ್ಲಿ ಆರಂಭವಾಯಿತು ಎಂದು ಅವರ ಬದುಕಿನಲ್ಲಿ ಗೆರೆ ಎಳೆದು ತೋರಿಸಲು ಬಾರದು.

ಫೋಟೋ ತೆಗೆಯುವವನಿಗೆ ಆ ಏರು ದೇವರು ಕೊಟ್ಟ ಜಾಗ. ಕಾರಣ ಕೇಳಿ. ಎಂಜಿನ್ನಿನ ಒಲೆಯ ಬೆಂಕಿ ನೀರನ್ನು ಉಗಿ ಮಾಡುತ್ತದೆ. ಉಗಿ ಸಿಲಿಂಡರಿನೊಳಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ಗಾಲಿ ತಿರುಗುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ಚಿಮ್ಮುವಾಗ ಒಲೆಯ ಗಾಳಿಯನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಬೆಂಕಿ ಇನ್ನಷ್ಟು ಉರಿಯುತ್ತದೆ. ನಾವು ಮಕ್ಕಳಿಗೆ ಛುಕ್ ಛುಕ್ ಎಂದು ಹೇಳಿಕೊಡುವ ಶಬ್ದ ಅದೇ. ಆದ್ದರಿಂದ ಭಾರ ಎಳೆದು ಏರು ಹತ್ತುವಾಗ ಶಬ್ದವೂ ಹೆಚ್ಚು, ಉಗಿಯೂ ಹೆಚ್ಚು. ಇಂಗ್ಲೆಂಡಿನ ಚಳಿಯಲ್ಲಿ ಆ ಉಗಿ ಕೂಡಲೇ ತಂಪಾಗಿ ಬೆಳ್ಳನೆಯ ಮೋಡವಾಗಿ ಗಾಡಿಯ ಮೇಲೆ ತೇಲುತ್ತದೆ. ನಮ್ಮ ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ಉಗಿ ಹೊರಬಿದ್ದ ಗಳಿಗೆಯಲ್ಲೇ ಆರಿ ಮಾಯವಾಗುತ್ತಿತ್ತು. ಕಪ್ಪು ಹೊಗೆ ಮಾತ್ರ ಉಳಿಯುತ್ತಿತ್ತು. ಇಂಗ್ಲೆಂಡಿನ ಹಳೆಯ ರೈಲು ಚಿತ್ರಗಳಲ್ಲಿ ಕಾಣುವ ಬಿಳಿ ಮೋಡದ ಬೆಡಗು ನಮ್ಮ ಕಡೆಯ ನೆನಪಿನಲ್ಲಿ ಇಲ್ಲದಿದ್ದರೆ ಅದಕ್ಕೆ ನಮ್ಮ ಸೂರ್ಯನೇ ಹೊಣೆ.

ಟ್ರೀಸಿಯವರ ಚಿತ್ರಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಮುಂದಿನಿಂದ, ಸ್ವಲ್ಪ ಓರೆಯಾಗಿ, ನೋಡುವವನತ್ತ ನುಗ್ಗಿ ಬರುತ್ತಿರುತ್ತದೆ. ಉಗಿ ಹಿಂದಕ್ಕೆ ಹರಡಿರುತ್ತದೆ. ಸುತ್ತ ಸೇತುವೆ, ಸಿಗ್ನಲ್ಲು, ಕಾರ್ಖಾನೆಯ ಗೋಡೆ, ಬಂಡೆ. ನಿಂತು ನೋಡಿದರೆ ಶಬ್ದ ಕೇಳಿಸಿದಂತಾಗುತ್ತದೆ. ಒಂದು ಮಾತು ಮಾತ್ರ ನಾವು ಸಂಕೋಚವಿಲ್ಲದೆ ಹೇಳಬೇಕು. ಇಂಥ ಚಿತ್ರಗಳಲ್ಲಿ ಎಂಜಿನ್ ರಾಜ, ಮನುಷ್ಯ ಒಂದು ಚುಕ್ಕೆ. ಕೇಬಿನ್ನಿನ ಕಿಟಕಿಯಲ್ಲಿ ಟೊಪ್ಪಿಗೆ ಹಾಕಿದ ತಲೆಯೊಂದು ಕಂಡರೆ ಕಂಡೀತು, ಇಲ್ಲದಿದ್ದರೆ ಇಲ್ಲ. ಆ ಬಿಳಿ ಮೋಡದ ಹಿಂದೆ ಒಬ್ಬ ಫೈರ್‌ಮನ್ ಒಂದೇ ಪಾಳಿಯಲ್ಲಿ ಹಲವು ಟನ್ ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಒಲೆಗೆ ಹಾಕಿರುತ್ತಾನೆ. ಮುಂದೆ ಒಲೆಯ ಉರಿ, ಹಿಂದೆ ಚಳಿಗಾಳಿ. ನಮ್ಮ ಕಡೆ ಹಿಂದೆಯೂ ಬಿಸಿಲೇ. ಬೆನ್ನು ನೋವು, ಸುಟ್ಟ ಗಾಯ, ಎದೆಯಲ್ಲಿ ಧೂಳು, ಮನೆಗೆ ಬಂದರೆ ಹೆಂಡತಿಗೆ ಒಗೆಯಲಾಗದ ಬಟ್ಟೆ. ಉಗಿಬಂಡಿ ಹೋಯಿತಲ್ಲಾ ಎಂದು ಹಾಡಿಕೊಳ್ಳುವವರು ಸಾಮಾನ್ಯವಾಗಿ ಪ್ಲಾಟ್‌ಫಾರಂ ಮೇಲೆ ನಿಂತವರು, ಸಲಿಕೆ ಹಿಡಿದವರಲ್ಲ. ಟ್ರೀಸಿಯವರು ಇವೆರಡರ ನಡುವೆ ನಿಂತವರು. ಚಿತ್ರದಲ್ಲಿ ಚುಕ್ಕೆಯಾದವನ ಹೆಸರು, ಮನೆ, ಮಕ್ಕಳು ಅವರಿಗೆ ಗೊತ್ತಿದ್ದವು. ಆದ್ದರಿಂದಲೇ ಅವರ ಬದುಕು ಅವರ ಚಿತ್ರಗಳಿಗಿಂತ ಒಂದು ತೂಕ ಹೆಚ್ಚು ಎಂದು ನಮಗೆ ತೋರುತ್ತದೆ.

1939ರಲ್ಲಿ ಮಹಾಯುದ್ಧ ಬಂತು. 1940ರಿಂದ 1945ರವರೆಗೆ ಅವರು ಸೈನ್ಯದಲ್ಲಿ ಪಾದ್ರಿಯಾಗಿದ್ದರು. ಅವರ ಸೇವೆಗಾಗಿ ಸರಕಾರ ಎಂ.ಬಿ.ಇ. ಗೌರವ ಕೊಟ್ಟಿತು. ಯುದ್ಧ ಮುಗಿದ ಮೇಲೆ ಯಾರ್ಕ್‌ಷೈರಿನ ಕೀತ್ಲಿ ಎಂಬ ಉಣ್ಣೆ ಗಿರಣಿಗಳ ಊರಿನಲ್ಲಿ ನಾಲ್ಕು ವರ್ಷ ಧರ್ಮಕೇಂದ್ರದ ಗುರುಗಳಾಗಿದ್ದರು. 1949ರಲ್ಲಿ ಹ್ಯಾಲಿಫ್ಯಾಕ್ಸಿನ ಆರ್ಚ್‌ಡೀಕನ್ ಆದರು. ಬಿಷಪ್ಪರ ಪರವಾಗಿ ಒಂದು ಪ್ರದೇಶದ ಧರ್ಮಕೇಂದ್ರಗಳ ಮೇಲ್ವಿಚಾರಣೆ ಮಾಡುವ ಹುದ್ದೆ ಅದು. ಅದೇ ವರ್ಷ ಅವರ ಚಿತ್ರಗಳ ಪುಸ್ತಕ ‘ಸ್ಟೀಮ್ ಅಪ್’ ಹೊರಬಂತು. ಅಷ್ಟರಲ್ಲಿ ಅವರ ಹೆಸರು ರೈಲು ಪ್ರಿಯರ ಮನೆಮನೆಗೆ ಮುಟ್ಟಿತ್ತು. ಯಾರ್ಕ್‌ಷೈರಿನ ಗುಡ್ಡಗಾಡಿನಲ್ಲಿ ಏರು, ಸುರಂಗ, ಎತ್ತರದ ಸೇತುವೆಗಳಿಗೆ ಕೊರತೆಯಿಲ್ಲ. ಹಳಿಯ ಪಕ್ಕದಲ್ಲಿ ಗಂಟೆಗಟ್ಟಲೆ ಕಾಯುವ ಪಾದ್ರಿಗಳನ್ನು ನೋಡಿ ಆ ಕಡೆಯ ಡ್ರೈವರರಿಗೂ ಅಭ್ಯಾಸವಾಯಿತು.

ಆದರೆ ಆ ಹೊತ್ತಿಗೆ ಉಗಿಬಂಡಿಯ ಆಯಸ್ಸು ಮುಗಿಯುತ್ತ ಬಂದಿತ್ತು. 1948ರ ಜನವರಿ 1ರಂದು ಬ್ರಿಟನ್ನಿನ ರೈಲುಗಳು ಸರಕಾರದ ಕೈಗೆ ಬಂದಾಗ ಸುಮಾರು 20,000 ಉಗಿ ಎಂಜಿನ್ನುಗಳಿದ್ದವು. 1955ರಲ್ಲಿ ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳನ್ನು ತರುವ ದೊಡ್ಡ ಯೋಜನೆ ಹೊರಟಿತು. 1960ರ ಮಾರ್ಚಿನಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ಎಂಜಿನ್ ಹೊರಬಂತು. ಅದಕ್ಕೆ ‘ಈವನಿಂಗ್ ಸ್ಟಾರ್’ ಎಂದು ಹೆಸರಿಟ್ಟರು. ಸಂಜೆಯ ತಾರೆ! ನಮ್ಮ ಚಿತ್ತರಂಜನ್ ಕಾರ್ಖಾನೆಯವರೂ 1970ರಲ್ಲಿ ತಮ್ಮ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೆ ‘ಅಂತಿಮ ಸಿತಾರಾ’ ಎಂದು ಹೆಸರಿಟ್ಟದ್ದು ನೋಡಿದರೆ ಮನುಷ್ಯನ ಮನಸ್ಸು ಎಲ್ಲ ದೇಶದಲ್ಲೂ ಒಂದೇ ರೀತಿ ಓಡುತ್ತದೆಯೇನೋ. ಪಾಪ, ಈವನಿಂಗ್ ಸ್ಟಾರ್ ಕೆಲಸ ಮಾಡಿದ್ದು ಐದೇ ವರ್ಷ. 1965ರಲ್ಲಿ ಅದನ್ನು ಹಳಿಯಿಂದ ಇಳಿಸಿದರು.

1961ರಲ್ಲಿ ಟ್ರೀಸಿಯವರು ಪಾಂಟಿಫ್ರಾಕ್ಟಿನ ಬಿಷಪ್ಪರಾದರು. ಕಲ್ಲಿದ್ದಲ ಗಣಿಯ ನಾಡು ಅದು. ಗಣಿ ಕೆಲಸಗಾರರು ಅಗೆದದ್ದನ್ನೇ ಎಂಜಿನ್ನು ತಿನ್ನುತ್ತಿತ್ತು. ಎರಡು ವರ್ಷಗಳಲ್ಲಿ ಡಾಕ್ಟರ್ ಬೀಚಿಂಗ್ ಎಂಬ ಅಧಿಕಾರಿಯ ವರದಿ ಬಂತು. 2,000ಕ್ಕೂ ಹೆಚ್ಚು ಸ್ಟೇಷನ್ನುಗಳನ್ನೂ ಸುಮಾರು 5,000 ಮೈಲಿ ಹಳಿಯನ್ನೂ ಮುಚ್ಚಬೇಕೆಂದು ಅದರ ಸಲಹೆ. ಅದರಲ್ಲಿ ಬಹುಪಾಲು ಮುಚ್ಚಿಯೂ ಹೋಯಿತು. 1948ರಲ್ಲಿ ಸುಮಾರು ಆರೂವರೆ ಲಕ್ಷ ಜನ ಕೆಲಸಕ್ಕಿದ್ದ ರೈಲ್ವೆಯಲ್ಲಿ ಇಪ್ಪತ್ತು ವರ್ಷಗಳ ಮೇಲೆ ಉಳಿದದ್ದು ಅದರ ಅರ್ಧದಷ್ಟು. ಹದಿನೈದನೆಯ ವಯಸ್ಸಿಗೆ ಎಂಜಿನ್ ತೊಳೆಯಲು ಸೇರಿ, ಫೈರ್‌ಮನ್ ಆಗಿ, ಇಪ್ಪತ್ತು ವರ್ಷ ಸಲಿಕೆ ಹಿಡಿದು, ಕೊನೆಗೆ ಡ್ರೈವರ್ ಆಗುವೆನೆಂದು ಕಾಯುತ್ತಿದ್ದವನಿಗೆ ಹೊಸ ಎಂಜಿನ್ನಿನಲ್ಲಿ ಜಾಗವೇ ಇಲ್ಲ. ಡೀಸೆಲ್ಲಿಗೆ ಒಲೆಯಿಲ್ಲ, ಒಲೆಯಿಲ್ಲದ ಮೇಲೆ ಫೈರ್‌ಮನ್ ಏಕೆ? ಓದುಗರೇ, ಯಂತ್ರ ಬದಲಾದಾಗ ಮನೆಯೊಂದರ ಊಟದ ತಟ್ಟೆ ಹೇಗೆ ಬದಲಾಗುತ್ತದೆ ಎಂಬುದು ನಿಮಗೆ ಹೊಸದಲ್ಲ. ಕೈಮಗ್ಗ ಬಿಟ್ಟು ಗುಳೆ ಹೊರಟ ಕುಟುಂಬಗಳನ್ನು ನಮ್ಮ ಊರುಗಳಲ್ಲೇ ಕಂಡಿದ್ದೇವೆ. 1966ರಲ್ಲಿ ಬಂದ ಟ್ರೀಸಿಯವರ ‘ಲ್ಯೂರ್ ಆಫ್ ಸ್ಟೀಮ್’ ಪುಸ್ತಕವನ್ನು ಕೊಂಡವರಲ್ಲಿ ಎಷ್ಟೋ ಜನ ಅದನ್ನು ಬೀಳ್ಕೊಡುಗೆಯ ಪುಸ್ತಕವೆಂದೇ ತೆರೆದಿರಬೇಕು.

1968 ಬಂತು. ಆ ವರ್ಷ ಟ್ರೀಸಿಯವರು ವೇಕ್‌ಫೀಲ್ಡ್ ಧರ್ಮಪ್ರಾಂತ್ಯದ ಬಿಷಪ್ಪರಾದರು. ಅದೇ ವರ್ಷ ಆಗಸ್ಟ್ 11ರ ಭಾನುವಾರ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಕೊನೆಯ ಉಗಿಬಂಡಿ ಓಡಿತು. ಟಿಕೆಟ್ಟಿಗೆ ಹದಿನೈದು ಗಿನಿ, ಆ ಕಾಲಕ್ಕೆ ಬಲು ದುಬಾರಿ. ಹೊರಟದ್ದು ಎಲ್ಲಿಂದ ಎಂದಿರಿ? ಲಿವರ್‌ಪೂಲಿನ ಲೈಮ್ ಸ್ಟ್ರೀಟಿನಿಂದ, ಟ್ರೀಸಿಯವರ ಹಳೆಯ ಎಡ್ಜ್ ಹಿಲ್ ಏರನ್ನೇ ಹತ್ತಿ. ಮ್ಯಾಂಚೆಸ್ಟರ್ ಮಾರ್ಗವಾಗಿ ಉತ್ತರದ ಕಾರ್ಲೈಲಿಗೆ ಹೋಗಿ ಹಿಂದಿರುಗಿತು. ಹಳಿಯ ಉದ್ದಕ್ಕೂ, ಸೇತುವೆಗಳ ಮೇಲೆ, ಹೊಲದ ಬದುಗಳ ಮೇಲೆ ಸಾವಿರಾರು ಜನ ನಿಂತಿದ್ದರು. ಮರುದಿನದಿಂದ ಬ್ರಿಟಿಷ್ ರೈಲ್ವೆ ಉಗಿ ಎಂಜಿನ್ನುಗಳಿಗೆ ತನ್ನ ಹಳಿಯ ಮೇಲೆ ನಿಷೇಧ ಹಾಕಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಟ್ರೀಸಿಯವರು ಹಿಂದೆ ಗುರುಗಳಾಗಿದ್ದ ಕೀತ್ಲಿ ಊರಿನಿಂದ ಹೊರಡುವ ಐದು ಮೈಲಿಯ ಸಣ್ಣ ಮಾರ್ಗವೊಂದು 1962ರಲ್ಲಿ ಮುಚ್ಚಿತ್ತು. ಊರವರೇ ಸೇರಿ ಹಣ ಕೂಡಿಸಿ, ರಜೆಯ ದಿನಗಳಲ್ಲಿ ಹಳಿ ಸರಿಪಡಿಸಿ, 1968ರ ಜೂನ್ 29ರಂದು ಅದರ ಮೇಲೆ ಮತ್ತೆ ಉಗಿಬಂಡಿ ಓಡಿಸಿದರು. ಮೇಷ್ಟ್ರು, ಗುಮಾಸ್ತರು, ಅಂಗಡಿಯವರು ಮೈಗೆಲ್ಲ ಎಣ್ಣೆ ಬಳಿದುಕೊಂಡು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತರು. ವೇಲ್ಸಿನ ಬ್ಯಾರಿ ಎಂಬ ಊರಿನ ಗುಜರಿಯಿಂದ ತುಕ್ಕು ಹಿಡಿದ 213 ಎಂಜಿನ್ನುಗಳನ್ನು ವರ್ಷಗಳ ಅವಧಿಯಲ್ಲಿ ಹೀಗೆ ಬಿಡಿಸಿಕೊಂಡು ಬಂದರು. 1971ರಲ್ಲಿ ನಿಷೇಧವೂ ಸಡಿಲವಾಯಿತು. ವಿಶೇಷ ಗಾಡಿಗಳಾಗಿ ಉಗಿ ಎಂಜಿನ್ನುಗಳು ಮುಖ್ಯ ಹಳಿಗೆ ಮರಳಿದವು. ಈ ಜನ ‘ಬ್ಲ್ಯಾಕ್ ಫೈವ್’ ಜಾತಿಯ 45428 ಸಂಖ್ಯೆಯ ಎಂಜಿನ್ನಿಗೆ ಎರಿಕ್ ಟ್ರೀಸಿ ಎಂದು ಹೆಸರಿಟ್ಟರು. ಸಂತರ ಹೆಸರು ಎಂಜಿನ್ನಿಗೆ ಇಟ್ಟದ್ದುಂಟು, ಬಿಷಪ್ಪರ ಹೆಸರು ಇಡುವುದು ಅಪರೂಪವೇ.

1976ರಲ್ಲಿ ಟ್ರೀಸಿಯವರು ನಿವೃತ್ತರಾಗಿ ಕೆಸಿಕ್ ಎಂಬ ಸರೋವರದ ಊರಿನ ಬಳಿ ನೆಲೆಸಿದರು. ವಿಚಿತ್ರವೆಂದರೆ ಆ ಊರು 1972ರಲ್ಲೇ ತನ್ನ ರೈಲು ಕಳೆದುಕೊಂಡಿತ್ತು. ಆದರೆ ಸ್ವಲ್ಪ ದೂರ ಹೋದರೆ ಅವರಿಗೆ ಬಹಳ ಪ್ರಿಯವಾದ ಸೆಟ್ಲ್–ಕಾರ್ಲೈಲ್ ಮಾರ್ಗ ಸಿಗುತ್ತಿತ್ತು. ಉತ್ತರ ಇಂಗ್ಲೆಂಡಿನ ಮೂರು ಅದ್ಭುತಗಳಲ್ಲಿ ಅದೂ ಒಂದು ಎಂಬ ಮಾತನ್ನು ಜನ ಟ್ರೀಸಿಯವರ ಹೆಸರಿನಲ್ಲೇ ಹೇಳುತ್ತಾರೆ. ಉಳಿದೆರಡು ಯಾರ್ಕಿನ ಮಹಾದೇವಾಲಯ ಮತ್ತು ರೋಮನರು ಕಟ್ಟಿದ ಹೇಡ್ರಿಯನ್ ಗೋಡೆ.

ಆ ಮಾರ್ಗದ ಕೆಲಸ ಆರಂಭವಾದದ್ದು 1869ರಲ್ಲಿ, ನಮ್ಮ ಯಾದಗಿರಿಯ ಹಳಿ ರಾಯಚೂರು ಮುಟ್ಟುವುದಕ್ಕೆ ಎರಡು ವರ್ಷ ಮೊದಲು. 116 ಕಿಲೋಮೀಟರ್ ಉದ್ದ, ಗಾಳಿ ಮಳೆಯ ಬರಡು ಬೆಟ್ಟಗಳು. ರಿಬಲ್‌ಹೆಡ್ ಎಂಬಲ್ಲಿ 24 ಕಮಾನುಗಳ ಕಲ್ಲಿನ ಸೇತುವೆ. ಗುದ್ದಲಿ, ಸಿಡಿಮದ್ದು, ಕೈಬಲ ಇವುಗಳಿಂದಲೇ ಸಾವಿರಾರು ಕೂಲಿಕಾರರು ಕಟ್ಟಿದ್ದು. ಅಪಘಾತ ಮತ್ತು ಸಿಡುಬಿನಿಂದ ಸತ್ತ ಕೂಲಿಗಳು, ಅವರ ಹೆಂಡಿರು ಮಕ್ಕಳು ಇನ್ನೂರಕ್ಕೂ ಹೆಚ್ಚು ಮಂದಿ ಪಕ್ಕದ ಚಾಪೆಲ್-ಲ-ಡೇಲ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣಾಗಿದ್ದಾರೆ. ನಮ್ಮ ಭೋರ್ ಘಾಟಿನ ಕೆಲಸದಲ್ಲಿಯೂ ಕಾಲರಾ ಮತ್ತು ಅಪಘಾತಗಳಿಗೆ ಸಾವಿರಾರು ಕೂಲಿಗಳು ಬಲಿಯಾದರು. ಅವರ ಗೋರಿಗಳು ಎಲ್ಲಿವೆಯೋ ಕೇಳುವವರಿಲ್ಲ.

1978ರ ಮೇ 13, ಶನಿವಾರ. ಸುರಪುರದ ಟೇಲರ್ ಸಾಹೇಬರು ಫ್ರಾನ್ಸಿನ ಮೆಂಟನ್ನಿನಲ್ಲಿ ತೀರಿಕೊಂಡದ್ದೂ ಮೇ 13ರಂದೇ, 1876ರಲ್ಲಿ. ಕಾಕತಾಳೀಯ, ಅಷ್ಟೆ. ಆ ಶನಿವಾರ ಸೆಟ್ಲ್–ಕಾರ್ಲೈಲ್ ಮಾರ್ಗದಲ್ಲಿ ಒಂದು ವಿಶೇಷ ಗಾಡಿ ಬರುವುದಿತ್ತು. ಎಳೆಯುವ ಎಂಜಿನ್ ಈವನಿಂಗ್ ಸ್ಟಾರ್, ಆ ಸಂಜೆಯ ತಾರೆಯೇ. ಟ್ರೀಸಿಯವರು ಕ್ಯಾಮೆರಾ ಹಿಡಿದು ಆಪಲ್‌ಬಿ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಗಾಡಿಗೆ ಕಾಯುತ್ತಿದ್ದ ಹಾಗೆಯೇ ಅಲ್ಲಿಯೇ ಪ್ರಾಣ ಬಿಟ್ಟರು. ವಯಸ್ಸು ಎಪ್ಪತ್ತು. ಅವರು ತೆಗೆಯಬೇಕೆಂದಿದ್ದ ಆ ಚಿತ್ರ ತೆಗೆಯದೆ ಉಳಿಯಿತು.

ಆಪಲ್‌ಬಿ ಸ್ಟೇಷನ್ನಿನಲ್ಲಿ ಅವರ ನೆನಪಿನ ಫಲಕ ಹಾಕಿದ್ದಾರೆ. ಕೆಲವೇ ವರ್ಷಗಳಲ್ಲಿ ಆ ಮಾರ್ಗವನ್ನೇ ಮುಚ್ಚಲು ಸರಕಾರ ಹೊರಟಿತು. ಸಾವಿರಾರು ಜನ ಅರ್ಜಿ ಬರೆದು ಹೋರಾಡಿದರು. 1989ರಲ್ಲಿ ಮಾರ್ಗ ಉಳಿಯಿತು. ನಮ್ಮ ದೇಶದಲ್ಲಿ ಬ್ರಾಡ್‌ಗೇಜ್ ಹಳಿಗಳ ನಿತ್ಯದ ಉಗಿಬಂಡಿ 1995ರಲ್ಲಿ ನಿಂತುಹೋಯಿತು. ಗದಗ–ವಾಡಿ ಹೊಸ ಮಾರ್ಗದ ಗಾಡಿ ಮುಂದೆ ಸುರಪುರ, ಶಹಾಪುರಗಳಿಗೂ ಬರಲಿದೆ. ಆ ಊರುಗಳ ಮಕ್ಕಳು ತಮ್ಮೂರಿನ ಹಳಿಯ ಮೇಲೆ ಇದ್ದಲ ಹೊಗೆ ಕಾಣಲಾರರು. ಟ್ರೀಸಿಯವರು ತೆಗೆದ ಸುಮಾರು 12,000 ಚಿತ್ರಗಳು ಯಾರ್ಕಿನ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿವೆ. ಅದೇ ಸಂಗ್ರಹಾಲಯಕ್ಕೆ ಸೇರಿದ ಎಂಜಿನ್ನುಗಳಲ್ಲಿ ಈವನಿಂಗ್ ಸ್ಟಾರ್ ಸಹ ಒಂದು.